ಎಂಟು ದಿನಕ್ಕೊಂದು ವಾರ ಇರುವ ಊರು

ಪರಿಸರ ಗ್ರಾಮ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜೂನ್ 5ರ ಚಿತ್ರ ಬಿಡಿಸುವ ಸ್ಪರ್ಧೆ: ಮಣ್ಣಿನ ಮನೆ, ಅದರ ಮೇಲೆ ಸೋಲಾರ್ ಫಲಕ, ಪಕ್ಕದಲ್ಲಿ ಗಾಳಿಯಂತ್ರ, ಮುಂದೆ ಕೈ ಕೈ ಹಿಡಿದು ನಿಂತ ಮಕ್ಕಳು. ಇಂಥ ಊರುಗಳನ್ನು ಹೊಸದಾಗಿ ಕಟ್ಟಿದವರು ಜಗತ್ತಿನಲ್ಲಿ ನಿಜವಾಗಿಯೂ ಇದ್ದಾರೆ. ಅವರೆಲ್ಲ 1995ರಲ್ಲಿ ಸ್ಕಾಟ್ಲೆಂಡಿನ ಫಿಂಡ್‌ಹಾರ್ನ್‌ನಲ್ಲಿ ಸೇರಿ ಗ್ಲೋಬಲ್ ಇಕೋವಿಲೇಜ್ ನೆಟ್‌ವರ್ಕ್ ಎಂಬ ಒಕ್ಕೂಟ ಮಾಡಿಕೊಂಡರು. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ಅದಕ್ಕೆ ಸಲಹಾ ಸ್ಥಾನವೂ ಇದೆ. ನಮಗೆ ಹತ್ತಿರದ ಉದಾಹರಣೆ ಪುದುಚೇರಿ ಪಕ್ಕದ ಆರೋವಿಲ್. 1968ರ ಫೆಬ್ರವರಿ 28ರಂದು 124 ದೇಶಗಳ ಮಣ್ಣು ತಂದು ಒಂದು ಕಲಶದಲ್ಲಿ ಹಾಕಿ ಅದನ್ನು ಉದ್ಘಾಟಿಸಿದರು. ಯುನೆಸ್ಕೊ 1966ರಿಂದ ಹಲವು ಬಾರಿ ಅದಕ್ಕೆ ಬೆಂಬಲದ ನಿರ್ಣಯ ಮಾಡಿದೆ. 50 ಸಾವಿರ ಜನರಿಗೆಂದು ಯೋಜಿಸಿದ ಆ ಊರಿನಲ್ಲಿ ಅರ್ಧ ಶತಮಾನ ಕಳೆದ ಮೇಲೂ ಇರುವವರು ಮೂರು ಸಾವಿರ ಚಿಲ್ಲರೆ ಮಂದಿ. ಬೋಳು ಕೆಂಪು ನೆಲವನ್ನು ಅವರು ಕಾಡು ಮಾಡಿದ್ದಾರೆ, ಅದನ್ನು ಮೆಚ್ಚಲೇಬೇಕು. ಆದರೆ ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಅಂಥ ಊರಿನ ಬಗ್ಗೆ ಅಲ್ಲ.

ಯಾರೂ ಪರಿಸರ ಗ್ರಾಮವೆಂದು ಕಟ್ಟದ, ಆ ಹೆಸರು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಹಾಗೆ ಬದುಕುತ್ತಿದ್ದ ಊರುಗಳಿವೆ. ಅಂತರರಾಷ್ಟ್ರೀಯ ರಾಜತಾಂತ್ರಿಕತೆ ಎಂಬುದಕ್ಕೆ ಪರಿಸರದ ಕಾಳಜಿ ನಿಜವಾಗಿಯೂ ಇದ್ದರೆ, ಹೊಸ ಊರುಗಳಿಗೆ ಆಶೀರ್ವಾದ ಮಾಡುವ ಮೊದಲು ಅದು ಇಂಥ ಹಳೆಯ ಊರುಗಳ ಜನರನ್ನು ಅವರ ನೆಲದಲ್ಲೇ ಉಳಿಸುವ ಕೆಲಸ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಲು ಅದಕ್ಕೆ ಸಾಧ್ಯವೇ ಎಂಬ ಪ್ರಶ್ನೆ ನಮ್ಮ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಆಗಾಗ ಏಳುತ್ತದೆ. ವಿಶ್ವಸಂಸ್ಥೆ ಎಂದರೆ ಬರೀ ಭಾಷಣ, ಬರೀ ಕಾಗದ ಎನ್ನುವ ಗೆಳತಿಯರೇ ಹೆಚ್ಚು. 2023ರ ಅಕ್ಟೋಬರ್ ನಂತರ ಗಾಜಾದ ಚಿತ್ರಗಳನ್ನು ದಿನಾ ಮೊಬೈಲಿನಲ್ಲಿ ನೋಡುತ್ತಾ ಬೆಳೆದ ನಮಗೆ ಹಾಗೆ ಅನ್ನಿಸುವುದು ಸಹಜ. ಆದರೂ ಆ ಮಾತನ್ನು ಪೂರ್ತಿ ಒಪ್ಪಲು ನನ್ನ ಮನಸ್ಸು ಬರುತ್ತಿಲ್ಲ. ಕಾರಣ, ಅದೇ ನಾಡಿನ ಬತ್ತೀರ್ ಎಂಬ ಹಳ್ಳಿ.

ಬತ್ತೀರ್ ಇರುವುದು ಪ್ಯಾಲೆಸ್ತೀನಿನ ಪಶ್ಚಿಮ ದಂಡೆಯಲ್ಲಿ, ಬೆತ್ಲೆಹೇಮಿನ ಪಶ್ಚಿಮಕ್ಕೆ, ಜೆರುಸಲೇಮಿನಿಂದ ಹತ್ತು ಕಿಲೋಮೀಟರಿನೊಳಗೆ. ಕಡಿದಾದ ಬೆಟ್ಟದ ಇಳಿಜಾರನ್ನು ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿ, ಒಂದೊಂದು ಮೆಟ್ಟಿಲನ್ನೂ ಗದ್ದೆಯಂತೆ ಮಟ್ಟ ಮಾಡಿದ್ದಾರೆ. ಆ ಗೋಡೆಗಳಿಗೆ ಗಾರೆಯಿಲ್ಲ. ಕಲ್ಲಿನ ಮೇಲೆ ಕಲ್ಲು, ಅಷ್ಟೆ. ನೀರಿಲ್ಲದ ಮೆಟ್ಟಿಲುಗಳಲ್ಲಿ ಆಲಿವ್ ಮತ್ತು ದ್ರಾಕ್ಷಿ, ನೀರು ಹರಿಯುವ ಮೆಟ್ಟಿಲುಗಳಲ್ಲಿ ತರಕಾರಿ. ಬತ್ತೀರಿನ ಬದನೆಕಾಯಿಗೆ ಆ ಸೀಮೆಯಲ್ಲೆಲ್ಲ ಹೆಸರು. ನಮ್ಮಲ್ಲಿ ಮಟ್ಟುಗುಳ್ಳ ಎಂದರೆ ಹೇಗೋ ಹಾಗೆ ಅಲ್ಲಿ ಊರಿನ ಹೆಸರನ್ನೇ ಬದನೆಗೆ ಸೇರಿಸಿ ಕೇಳುತ್ತಾರೆ.

ನೀರು ಬರುವುದು ಬೆಟ್ಟದ ಒರತೆಯಿಂದ. ಒರತೆಯ ನೀರು ರೋಮನ್ನರ ಕಾಲದ್ದೆಂದು ಹೇಳುವ ಒಂದು ಕಲ್ಲಿನ ಕೊಳದಲ್ಲಿ ತುಂಬಿ ಅಲ್ಲಿಂದ ಕಾಲುವೆಗಳಲ್ಲಿ ಮೆಟ್ಟಿಲುಗಳಿಗೆ ಇಳಿಯುತ್ತದೆ. ಪಂಪಿಲ್ಲ, ಮೀಟರಿಲ್ಲ. ಊರಿನಲ್ಲಿ ಎಂಟು ಮುಖ್ಯ ಮನೆತನಗಳಿವೆ, ಒಂದೊಂದು ಮನೆತನಕ್ಕೆ ಒಂದೊಂದು ದಿನದ ನೀರು. ಹೀಗಾಗಿ ಅವರ ನೀರಿನ ಲೆಕ್ಕದಲ್ಲಿ ವಾರಕ್ಕೆ ಏಳಲ್ಲ, ಎಂಟು ದಿನ. ಕೊಳದಲ್ಲಿ ಕೋಲು ಇಳಿಸಿ ನೀರಿನ ಮಟ್ಟ ಅಳೆದು, ಆ ದಿನದ ಮನೆತನದವರು ತಮ್ಮೊಳಗೆ ಪಾಲು ಹಾಕಿಕೊಳ್ಳುತ್ತಾರೆ. ಸರದಿ ಕ್ಯಾಲೆಂಡರಿನ ವಾರಕ್ಕೆ ಹೊಂದುವುದಿಲ್ಲವಾದ್ದರಿಂದ ಇಂದು ಶುಕ್ರವಾರ ನೀರು ಬಂದವರಿಗೆ ಮುಂದಿನ ಸಲ ಶನಿವಾರ ಬರುತ್ತದೆ. ರಜೆಯ ದಿನ, ಸಂತೆಯ ದಿನ ಯಾವಾಗಲೂ ಒಬ್ಬರ ಪಾಲಿಗೇ ಬೀಳುವುದಿಲ್ಲ. ಇದನ್ನು ಯೋಚಿಸಿ ಮಾಡಿದರೋ, ಎಂಟು ಮನೆತನ ಇದ್ದುದರಿಂದ ತಾನಾಗಿ ಆಯಿತೋ, ಪರಿಣಾಮವಂತೂ ನ್ಯಾಯವಾಗಿದೆ.

ಇದು ನಮಗೆ ಅಪರಿಚಿತ ವಿಷಯವೇನಲ್ಲ. ಕೋಲಾರದ ಕಡೆ ನಮ್ಮ ನಾನಾ ಇದ್ದ ಊರಿನ ಕೆರೆಗೆ ನೀರಗಂಟಿ ಇದ್ದರು. ತೂಬು ಯಾವಾಗ ಎತ್ತಬೇಕು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಕೆರೆ ಅರ್ಧವೇ ತುಂಬಿದ ವರ್ಷ ಯಾರು ನಾಟಿ ಮಾಡಬಾರದು ಎಂಬುದನ್ನು ಹೇಳುತ್ತಿದ್ದವರು ಅವರೇ. ಗೌಡರ ಗದ್ದೆಯಾದರೂ ನೀರಗಂಟಿ ತಿರುವಿದ ಮಡೆಯನ್ನು ಮತ್ತೊಬ್ಬರು ಮುಟ್ಟುವಂತಿರಲಿಲ್ಲ ಎಂದು ನಾನಾ ಹೇಳುತ್ತಿದ್ದರು. ಆಮೇಲೆ ಕೊಳವೆಬಾವಿಗಳು ಬಂದವು. ನೀರು ಅವರವರ ಹೊಲದ ಕೆಳಗೇ ಇದೆ ಎಂದಾದ ಮೇಲೆ ಸರದಿ ಯಾರಿಗೆ ಬೇಕು? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲಕ್ಕೆ ಇಂಗಲು ಮಾತ್ರ, ತೂಬಿನಿಂದ ನೇರವಾಗಿ ಗದ್ದೆಗೆ ಬಿಡುವಂತಿಲ್ಲ. ಕೆರೆಗೆ ನೀರು ಬಂತು, ನೀರಗಂಟಿಯ ಕೆಲಸ ಮರಳಿ ಬರಲಿಲ್ಲ. ಬತ್ತೀರಿನ ಎಂಟು ದಿನದ ವಾರದ ಬಗ್ಗೆ ಓದಿದಾಗ ನನಗೆ ಅದು ದೂರದ ಊರೆನ್ನಿಸದೆ ಹೋದದ್ದು ಈ ಕಾರಣದಿಂದ.

ಈಗ ರಾಜತಾಂತ್ರಿಕತೆಗೆ ಬರುತ್ತೇನೆ. ಬತ್ತೀರಿನ ಕಣಿವೆಯ ತಳದಲ್ಲಿ ಒಂದು ರೈಲು ಹಳಿ ಇದೆ. ಯಾಫಾದಿಂದ ಜೆರುಸಲೇಮಿಗೆ ಹೋಗುವ ಈ ಮಾರ್ಗ ಉಸ್ಮಾನಿಯಾ ಆಳ್ವಿಕೆಯಲ್ಲಿ, 1892ರಲ್ಲಿ ಶುರುವಾಯಿತು. ಬತ್ತೀರಿಗೂ ಒಂದು ನಿಲ್ದಾಣವಿತ್ತು. ಊರಿನ ಹೆಂಗಸರು ತರಕಾರಿ ಬುಟ್ಟಿಗಳನ್ನು ಹೊತ್ತು ಅದೇ ರೈಲಿನಲ್ಲಿ ಜೆರುಸಲೇಮಿನ ಮಾರುಕಟ್ಟೆಗೆ ಹೋಗಿ ಮಾರಿ ಬರುತ್ತಿದ್ದರು. 1948ರ ಯುದ್ಧದಲ್ಲಿ ಸುತ್ತಲಿನ ಹಳ್ಳಿಗಳು ಖಾಲಿಯಾದವು. ಬತ್ತೀರಿನವರೂ ಹೆಚ್ಚಿನವರು ಊರು ಬಿಟ್ಟರು. ಹಸನ್ ಮುಸ್ತಫಾ ಎಂಬ ವಿದ್ಯಾವಂತರೊಬ್ಬರು ಕೆಲವೇ ಮಂದಿಯನ್ನು ಜೊತೆಗಿಟ್ಟುಕೊಂಡು ಊರಿನಲ್ಲೇ ಉಳಿದರು. ರಾತ್ರಿ ಖಾಲಿ ಮನೆಗಳ ಕಿಟಕಿಗಳಲ್ಲಿ ದೀಪ ಹಚ್ಚಿಟ್ಟು, ಹಗಲು ಹಗ್ಗದ ಮೇಲೆ ಬಟ್ಟೆ ಒಣಹಾಕಿ, ದೂರದಿಂದ ನೋಡುವವರಿಗೆ ಊರು ತುಂಬಿದೆ ಎಂದು ಕಾಣುವಂತೆ ಮಾಡಿದರು ಎಂಬ ಕಥೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ.

1949ರ ಏಪ್ರಿಲಿನಲ್ಲಿ ಇಸ್ರೇಲ್ ಮತ್ತು ಜೋರ್ಡನ್ ನಡುವೆ ಕದನವಿರಾಮ ಒಪ್ಪಂದವಾದಾಗ ರೈಲು ಮಾರ್ಗ ಪೂರ್ತಿ ಇಸ್ರೇಲಿಗೆ ಹೋಯಿತು. ಗಡಿ ಗೆರೆ ಬತ್ತೀರಿನ ಮೂಲಕವೇ ಹಾಯಿತು. ಊರು ಒಂದು ಕಡೆ, ಊರಿನ ಸುಮಾರು ಮೂರನೇ ಒಂದು ಭಾಗ ಜಮೀನು ಇನ್ನೊಂದು ಕಡೆ. ಹಸನ್ ಮುಸ್ತಫಾ ಮಾತುಕತೆಗೆ ಹೋದರು. ಎದುರಿಗೆ ಕುಳಿತವರು ಮೋಶೆ ದಯಾನ್, ಮುಂದೆ ಇಸ್ರೇಲಿನ ರಕ್ಷಣಾ ಮಂತ್ರಿಯಾದವರು. ಅಲ್ಲಿ ಆದ ಒಪ್ಪಂದ ಸರಳ: ಬತ್ತೀರಿನವರು ರೈಲಿಗೆ ತೊಂದರೆಯಾಗದಂತೆ ನೋಡಿಕೊಳ್ಳಬೇಕು, ಅದಕ್ಕೆ ಬದಲಾಗಿ ಹಳಿಯ ಆಚೆಗಿನ ತಮ್ಮ ಹೊಲಗಳಿಗೆ ಹೋಗಿ ಬೇಸಾಯ ಮಾಡಬಹುದು. ಎರಡು ಸೈನ್ಯಗಳ ನಡುವಿನ ಗೆರೆಯನ್ನು ದಾಟಿ ರೈತರು ಬದನೆ ಬಿತ್ತಲು ಹೋಗುವುದು! ಈ ಏರ್ಪಾಡು 1949ರಲ್ಲಿ ನಿಂತಿತು, 1967ರ ಯುದ್ಧದಲ್ಲಿ ಬತ್ತೀರ್ ಇಸ್ರೇಲಿನ ವಶವಾದ ಮೇಲೂ ಮುರಿಯಲಿಲ್ಲ.

ನಮ್ಮ ಪಠ್ಯಪುಸ್ತಕದಲ್ಲಿ ರಾಜತಾಂತ್ರಿಕತೆ ಎಂದರೆ ರಾಯಭಾರಿಗಳು, ಶೃಂಗಸಭೆಗಳು, ಜಂಟಿ ಹೇಳಿಕೆಗಳು. ಒಂದು ಹಳ್ಳಿಯ ಮೇಷ್ಟರಂಥ ಮನುಷ್ಯ ತನ್ನ ಊರಿನ ಹೊಲಕ್ಕಾಗಿ ಸೇನಾಧಿಕಾರಿಯ ಮುಂದೆ ಕುಳಿತು ಮಾತಾಡಿದ್ದನ್ನು ಯಾವ ಅಧ್ಯಾಯಕ್ಕೆ ಸೇರಿಸೋಣ? ಅದು ಉಳಿಸಿದ್ದು ಕಡಿಮೆಯಲ್ಲ. ಊರನ್ನು, ಒರತೆಯನ್ನು, ಎಂಟು ಮನೆತನಗಳ ಸರದಿಯನ್ನು, ಒಟ್ಟಿನಲ್ಲಿ ಇಂದು ನಾವು ಸುಸ್ಥಿರ ಸಮುದಾಯ ಎಂದು ಕರೆಯುವ ಎಲ್ಲವನ್ನೂ.

ಎರಡನೆಯ ಪರೀಕ್ಷೆ ಬಂದದ್ದು 2002ರ ನಂತರ, ಇಸ್ರೇಲ್ ಪಶ್ಚಿಮ ದಂಡೆಯ ಉದ್ದಕ್ಕೂ ತಡೆಗೋಡೆ ಕಟ್ಟಲು ಆರಂಭಿಸಿದಾಗ. ಭದ್ರತೆಗಾಗಿ ಎಂದು ಇಸ್ರೇಲ್ ಹೇಳಿತು. ಗೋಡೆ ಆಕ್ರಮಿತ ನೆಲದೊಳಗೆ ಹಾದುಹೋಗುವುದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2004ರ ಜುಲೈ 9ರಂದು ಸಲಹಾ ಅಭಿಪ್ರಾಯ ಕೊಟ್ಟಿತು. ಗೋಡೆ ನಿಲ್ಲಲಿಲ್ಲ. ಬತ್ತೀರಿನ ಕಣಿವೆಯಲ್ಲಿ ರೈಲು ಹಳಿಯ ಪಕ್ಕದಲ್ಲೇ ಅದು ಬರುವುದಿತ್ತು. ಬಂದಿದ್ದರೆ ಮೆಟ್ಟಿಲು ಹೊಲಗಳು ಎರಡು ತುಂಡಾಗುತ್ತಿದ್ದವು, ರೈತರಿಗೂ ಆಚೆಯ ಹೊಲಕ್ಕೂ ನಡುವೆ ಗೇಟು ಮತ್ತು ಅನುಮತಿ ಚೀಟಿ ಬರುತ್ತಿತ್ತು.

ಊರಿನವರು ಆಗ ಮಾಡಿದ ಕೆಲಸ ನೋಡಿ. ಅವರು ಮೊದಲು ತಮ್ಮಲ್ಲಿ ಏನಿದೆ ಎಂಬುದನ್ನು ಬರೆದಿಟ್ಟರು. ಮೆಟ್ಟಿಲುಗಳು, ಕಾಲುವೆಗಳು, ಕಾವಲು ಮನೆಗಳು, ಹಳೆಯ ಕಾಲುದಾರಿಗಳು ಎಲ್ಲದರ ನಕ್ಷೆ ತಯಾರಾಯಿತು. ಈ ಕೆಲಸಕ್ಕೆ 2011ರಲ್ಲಿ ಯುನೆಸ್ಕೊ ಕೊಡುವ ಮೆಲಿನಾ ಮರ್ಕೂರಿ ಪ್ರಶಸ್ತಿಯೂ ಬಂತು. 2012ರಲ್ಲಿ ಅವರು ಗೋಡೆಯ ವಿರುದ್ಧ ಇಸ್ರೇಲಿನದೇ ಸುಪ್ರೀಂ ಕೋರ್ಟಿಗೆ ಹೋದರು. ಅವರ ಜೊತೆ ನಿಂತದ್ದು ಆಗ ಫ್ರೆಂಡ್ಸ್ ಆಫ್ ದಿ ಅರ್ತ್ ಮಿಡಲ್ ಈಸ್ಟ್ ಎಂದು ಕರೆಯುತ್ತಿದ್ದ, ಈಗ ಇಕೋಪೀಸ್ ಎಂದು ಹೆಸರಾದ ಸಂಸ್ಥೆ. ಜೋರ್ಡನ್, ಪ್ಯಾಲೆಸ್ತೀನ್, ಇಸ್ರೇಲ್ ಮೂರೂ ಕಡೆಯವರು ಸೇರಿ 1994ರಲ್ಲಿ ಕಟ್ಟಿದ ಸಂಸ್ಥೆ ಇದು. 2001ರಿಂದ ಅದು ಒಂದೇ ನೀರಿನ ಮೂಲವನ್ನು ಹಂಚಿಕೊಳ್ಳುವ, ಗಡಿಯ ಎರಡು ಬದಿಯ ಊರುಗಳನ್ನು ಜೋಡಿ ಮಾಡಿ ಮಾತಾಡಿಸುವ ಕೆಲಸ ನಡೆಸಿಕೊಂಡು ಬಂದಿದೆ. ಇನ್ನೂ ಆಶ್ಚರ್ಯವೆಂದರೆ ಇಸ್ರೇಲ್ ಸರ್ಕಾರದ ಪ್ರಕೃತಿ ಮತ್ತು ಉದ್ಯಾನಗಳ ಪ್ರಾಧಿಕಾರವೇ ಇಲ್ಲಿ ಗೋಡೆ ಬೇಡ ಎಂದು ಹೇಳಿತು. ಸೇನೆ ಬೇಕು ಎಂದದ್ದನ್ನು ಅದೇ ದೇಶದ ಇನ್ನೊಂದು ಸರ್ಕಾರಿ ಇಲಾಖೆ ಬೇಡ ಎಂದದ್ದು ಅಪರೂಪದ ಸಂಗತಿ. ಹಾಗೆ ಹೇಳಿಸಿದ್ದು ಭಾಷಣವಲ್ಲ, ಕಲ್ಲಿನ ಗೋಡೆಗಳ ಮತ್ತು ಕಾಲುವೆಗಳ ಆ ನಿಖರ ದಾಖಲೆ.

ಅಷ್ಟರಲ್ಲಿ ದೊಡ್ಡ ರಾಜತಾಂತ್ರಿಕತೆಯ ಬಾಗಿಲೂ ತೆರೆದಿತ್ತು. 2011ರ ಅಕ್ಟೋಬರ್ 31ರಂದು ಯುನೆಸ್ಕೊ ಪ್ಯಾಲೆಸ್ತೀನನ್ನು ಪೂರ್ಣ ಸದಸ್ಯನಾಗಿ ಸೇರಿಸಿಕೊಂಡಿತು. ಪರವಾಗಿ 107 ಮತ, ವಿರುದ್ಧ 14. ನಮ್ಮ ಭಾರತ ಪರವಾಗಿ ಮತ ಹಾಕಿತು. ಅಮೆರಿಕ ಕೂಡಲೇ ಯುನೆಸ್ಕೊಗೆ ಕೊಡುತ್ತಿದ್ದ ಹಣ ನಿಲ್ಲಿಸಿತು. ಆ ಹಣ ಸಂಸ್ಥೆಯ ಬಜೆಟ್ಟಿನ ಐದನೇ ಒಂದು ಭಾಗಕ್ಕಿಂತ ಹೆಚ್ಚಿತ್ತು. ಸದಸ್ಯತ್ವ ಎಂಬ "ಬರೀ ಕಾಗದ"ಕ್ಕೆ ಅಷ್ಟು ಬೆಲೆ ತೆರಲು ಇಷ್ಟು ದೇಶಗಳು ಸಿದ್ಧವಿದ್ದವು ಎಂಬುದನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸದಸ್ಯತ್ವ ಸಿಕ್ಕಿದ್ದರಿಂದ ಪ್ಯಾಲೆಸ್ತೀನ್ ವಿಶ್ವ ಪರಂಪರೆಯ ಒಡಂಬಡಿಕೆಗೆ ಸಹಿ ಹಾಕಿತು, ಬತ್ತೀರಿನ ಹೆಸರನ್ನು ತುರ್ತು ಅರ್ಜಿಯಾಗಿ ಕಳಿಸಿತು.

2014ರ ಜೂನ್‌ನಲ್ಲಿ ಕತಾರಿನ ದೋಹಾದಲ್ಲಿ ವಿಶ್ವ ಪರಂಪರೆ ಸಮಿತಿಯ ಸಭೆ. ಸಮಿತಿಯ ಸಲಹಾ ಸಂಸ್ಥೆಯಾದ ಇಕೋಮೋಸ್, ತುರ್ತು ಅಗತ್ಯ ಸಾಬೀತಾಗಿಲ್ಲ, ಸೇರಿಸಬೇಡಿ ಎಂದಿತ್ತು. ಇದು ರಾಜಕೀಯ ಎಂದು ಇಸ್ರೇಲ್ ಆಕ್ಷೇಪಿಸಿತ್ತು. ಕೊನೆಗೆ ಗುಪ್ತ ಮತದಾನ ನಡೆಯಿತು. 11 ದೇಶ ಪರ, 3 ವಿರುದ್ಧ, ಉಳಿದವು ತಟಸ್ಥ. "ಆಲಿವ್ ಮತ್ತು ದ್ರಾಕ್ಷಿಬಳ್ಳಿಯ ನಾಡು" ಎಂಬ ಹೆಸರಿನಲ್ಲಿ ಬತ್ತೀರಿನ ಸುಮಾರು 349 ಹೆಕ್ಟೇರ್ ಪಟ್ಟಿಗೆ ಸೇರಿತು. ಅದೇ ದಿನ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೂ ಸೇರಿತು. ಆ ಸಮಿತಿಯ 21 ದೇಶಗಳಲ್ಲಿ ಭಾರತವೂ ಒಂದಾಗಿತ್ತು. 2015ರ ಜನವರಿಯಲ್ಲಿ ಕೋರ್ಟಿನಲ್ಲಿದ್ದ ಪ್ರಕರಣ ಮುಗಿಯಿತು. ಗೋಡೆ ಕಟ್ಟಲು ಹಸಿರು ನಿಶಾನೆ ಸಿಗಲಿಲ್ಲ. ಬತ್ತೀರಿನ ಕಣಿವೆಯಲ್ಲಿ ಆ ಗೋಡೆ ಏಳಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಸುಖಾಂತ್ಯದ ಕಥೆಯಾಗುತ್ತಿತ್ತು. ನನ್ನ ಗೆಳತಿಯರು ಬಿಡುವುದಿಲ್ಲ, ಬಿಡಲೂಬಾರದು. ಏಕೆಂದರೆ 2024ರ ಜೂನ್‌ನಲ್ಲಿ ಇಸ್ರೇಲ್ ಸರ್ಕಾರ ಪಶ್ಚಿಮ ದಂಡೆಯಲ್ಲಿ ಇನ್ನೈದು ವಸಾಹತುಗಳಿಗೆ ಒಪ್ಪಿಗೆ ಕೊಟ್ಟಿತು. ಅವುಗಳಲ್ಲೊಂದು ನಹಲ್ ಹೆಲೆಟ್ಜ್. ಆಗಸ್ಟ್‌ನಲ್ಲಿ ಅದರ ಗಡಿ ಪ್ರಕಟವಾಯಿತು. ಸುಮಾರು 60 ಹೆಕ್ಟೇರ್, ಬತ್ತೀರಿನ ವಿಶ್ವ ಪರಂಪರೆಯ ಪ್ರದೇಶದಲ್ಲೇ. ಪಟ್ಟಿ ಗೋಡೆಯನ್ನು ತಡೆಯಿತು, ವಸಾಹತನ್ನು ತಡೆಯಲಿಲ್ಲ.

ಎರಡು ಪ್ರಕಟಣೆಗಳ ನಡುವೆ, 2024ರ ಜುಲೈ 21ರಿಂದ 31ರವರೆಗೆ, ಅದೇ ವಿಶ್ವ ಪರಂಪರೆ ಸಮಿತಿಯ 46ನೇ ಸಭೆ ಎಲ್ಲಿ ನಡೆದಿತ್ತು ಗೊತ್ತೆ? ನವದೆಹಲಿಯ ಭಾರತ ಮಂಟಪದಲ್ಲಿ. ಭಾರತವೇ ಅಧ್ಯಕ್ಷ ಸ್ಥಾನದಲ್ಲಿತ್ತು. ಅಸ್ಸಾಮಿನ ಅಹೋಂ ರಾಜರ ಸಮಾಧಿ ದಿಬ್ಬಗಳು ಪಟ್ಟಿಗೆ ಸೇರಿದ್ದನ್ನು ನಮ್ಮ ಪತ್ರಿಕೆಗಳು ದೊಡ್ಡದಾಗಿ ಬರೆದವು. ಗಾಜಾದ ಸಂತ ಹಿಲೇರಿಯನ್ ಮಠದ ಅವಶೇಷಗಳನ್ನು ಅದೇ ಸಭೆ ತುರ್ತಾಗಿ ಪಟ್ಟಿಗೆ ಸೇರಿಸಿತು. ಬಾಂಬುಗಳ ನಡುವೆ ಒಂದು ಪ್ರಾಚೀನ ಕ್ರೈಸ್ತ ಮಠವನ್ನು ಉಳಿಸಲು ಪ್ಯಾಲೆಸ್ತೀನ್ ಅರ್ಜಿ ಹಾಕಿತು, ದೆಹಲಿಯಲ್ಲಿ ಅದು ಪಾಸಾಯಿತು ಎಂಬುದು ನನಗೆ ಹೆಮ್ಮೆಯ ವಿಷಯ. ಬತ್ತೀರಿನ ಹೊಲಗಳ ಮೇಲೆ ವಸಾಹತಿನ ಗೆರೆ ಬಿದ್ದದ್ದು ಆ ಸಭೆ ಮುಗಿದ ಎರಡೇ ವಾರಗಳಲ್ಲಿ.

ಹಾಗಾದರೆ ಕಾಗದದಿಂದ ಪ್ರಯೋಜನವಿಲ್ಲ ಎಂದು ಒಪ್ಪಿಬಿಡೋಣವೇ? ನನ್ನ ಉತ್ತರ ಬೇರೆ. ಗೋಡೆಯ ವಿಷಯದಲ್ಲಿ ಕಾಗದ ಗೆದ್ದದ್ದು ಅದರ ಹಿಂದೆ ಊರಿನ ಜನ, ಅವರ ನಕ್ಷೆ, ನೆರೆಯ ಊರಿನ ಸಾಕ್ಷಿ, ಕೋರ್ಟಿನ ಅರ್ಜಿ ಎಲ್ಲ ಇದ್ದುದರಿಂದ. ವಸಾಹತಿನ ವಿಷಯದಲ್ಲಿ ಸೋತದ್ದು, ಕಾಗದಕ್ಕೆ ಸಹಿ ಹಾಕಿದ ದೇಶಗಳು ಅದನ್ನು ಕಪಾಟಿನಲ್ಲಿಟ್ಟದ್ದರಿಂದ. 1972ರ ಒಡಂಬಡಿಕೆಯ 6ನೇ ವಿಧಿಯಲ್ಲಿ ಒಂದು ಮಾತಿದೆ: ಇನ್ನೊಂದು ಸದಸ್ಯ ದೇಶದ ಪರಂಪರೆಗೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಾನಿಯಾಗುವ ಕೆಲಸವನ್ನು ಯಾವ ಸದಸ್ಯ ದೇಶವೂ ಉದ್ದೇಶಪೂರ್ವಕವಾಗಿ ಮಾಡಬಾರದು. ಇಸ್ರೇಲ್ 2018ರ ಕೊನೆಗೆ ಯುನೆಸ್ಕೊದಿಂದ ಹೊರಬಂದರೂ ಈ ಒಡಂಬಡಿಕೆಯಿಂದ ಹೊರಬಂದಿಲ್ಲ. ಭಾರತ 1977ರಿಂದ ಇದರ ಸದಸ್ಯ, 1988ರಿಂದ ಪ್ಯಾಲೆಸ್ತೀನನ್ನು ರಾಷ್ಟ್ರವೆಂದು ಮಾನ್ಯ ಮಾಡಿದ ದೇಶ, ಇಸ್ರೇಲಿನ ಜೊತೆಗೂ ಒಳ್ಳೆಯ ಸಂಬಂಧ ಇಟ್ಟುಕೊಂಡ ದೇಶ. ಎರಡೂ ಕಡೆ ಮಾತಾಡಬಲ್ಲವರು ಜಗತ್ತಿನಲ್ಲಿ ಹೆಚ್ಚಿಲ್ಲ. ಗಡಿ, ಸೇನೆ, ಆಯುಧದ ವಿಷಯ ಎತ್ತುವುದು ಕಷ್ಟ ಎನ್ನುವುದಾದರೆ, ಎಂಟು ಮನೆತನಗಳ ಒಂದು ಒರತೆಯ ವಿಷಯವನ್ನಾದರೂ ಎತ್ತಬಹುದಲ್ಲ? ಪರಿಸರದ ವಿಷಯಕ್ಕೆ ಇರುವ ಅನುಕೂಲವೇ ಅದು. ಶತ್ರುಗಳೂ ನೀರಿನ ಬಗ್ಗೆ ಮಾತಾಡಲು ಕುಳಿತುಕೊಳ್ಳುತ್ತಾರೆ, ಏಕೆಂದರೆ ಒರತೆಯ ಕೆಳಗಿನ ಅಂತರ್ಜಲಕ್ಕೆ ಗಡಿ ಗೊತ್ತಿಲ್ಲ.

ನನ್ನ ಇನ್ನೊಂದು ತಕರಾರು ಪಟ್ಟಿಗಳ ಬಗ್ಗೆಯೇ ಇದೆ. ಪಟ್ಟಿ ಯಾವುದನ್ನು ಉಳಿಸುತ್ತದೆ, ಕಲ್ಲನ್ನೋ ಜನರನ್ನೋ? ಬತ್ತೀರ್ ಪಟ್ಟಿಗೆ ಸೇರಿದ ದೋಹಾ ಸಭೆಯಲ್ಲೇ ಭಾರತದ ರಾಣಿ ಕಿ ವಾವ್ ಕೂಡ ಸೇರಿತು. ಗುಜರಾತಿನ ಪಾಟಣದ ಆ ಮೆಟ್ಟಿಲುಬಾವಿ ಎಷ್ಟು ಸುಂದರವೆಂದು ನೂರು ರೂಪಾಯಿ ನೋಟಿನ ಹಿಂಬದಿ ನೋಡಿದವರಿಗೆಲ್ಲ ಗೊತ್ತು. ಎರಡೂ ನೀರಿನ ನಿರ್ಮಾಣಗಳೇ. ಒಂದರಿಂದ ಇಂದು ಯಾರೂ ನೀರು ಸೇದುವುದಿಲ್ಲ, ಇನ್ನೊಂದರಿಂದ ನಾಳೆ ಬೆಳಿಗ್ಗೆ ಯಾವ ಮನೆತನ ನೀರು ಬಿಡಬೇಕೆಂಬುದು ನಿಗದಿಯಾಗಿದೆ. ಮೊದಲನೆಯದಕ್ಕೆ ಕಾವಲುಗಾರ ಮತ್ತು ಟಿಕೆಟ್ ಕೌಂಟರ್ ಸಾಕು. ಎರಡನೆಯದಕ್ಕೆ ರೈತರು ಬೇಕು. ರೈತರು ಹೋದರೆ ಗಾರೆಯಿಲ್ಲದ ಆ ಗೋಡೆಗಳು ಮಳೆಗಾಲಕ್ಕೊಂದರಂತೆ ಕುಸಿಯುತ್ತಾ ಹೋಗುತ್ತವೆ, ಕೊನೆಗೆ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿಯುತ್ತದೆ.

ಜನರನ್ನು ಮರೆತ ಪಟ್ಟಿ ಏನು ಮಾಡಬಲ್ಲದು ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ನಮ್ಮ ಹಂಪಿ 1986ರಲ್ಲೇ ಪಟ್ಟಿಗೆ ಸೇರಿತು. ತುಂಗಭದ್ರೆಗೆ ಸೇತುವೆ ಕಟ್ಟುವ ವಿವಾದದಿಂದ 1999ರಲ್ಲಿ ಅಪಾಯದ ಪಟ್ಟಿಗೂ ಹೋಗಿ 2006ರಲ್ಲಿ ಹೊರಬಂತು. ಆದರೆ 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ, ಸಾಲು ಮಂಟಪಗಳಲ್ಲಿ ಮನೆ ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ಬುಲ್ಡೋಜರ್ ತಂದು ಎಬ್ಬಿಸಿದರು. ಮಂಟಪಗಳಿಗೆ ಹಾನಿಯಾಗುತ್ತಿತ್ತು ಎಂಬ ವಾದದಲ್ಲಿ ಸತ್ಯವಿರಬಹುದು. ಆದರೂ ಹೂವು, ಕುಂಕುಮ, ಇಡ್ಲಿ ಮಾರುತ್ತಾ ಆ ಬೀದಿಯನ್ನು ಬೀದಿಯಾಗಿ ಉಳಿಸಿದ್ದವರನ್ನು ಕಳಿಸಿದ ಮೇಲೆ ಅದು ಖಾಲಿ ಕಂಬಗಳ ಸಾಲಾಯಿತು. ಒಂದೇ ಒಡಂಬಡಿಕೆ. ಬತ್ತೀರಿನಲ್ಲಿ ಅದನ್ನು ಜನರು ತಮ್ಮ ಕೈಯಲ್ಲಿ ಹಿಡಿದುಕೊಂಡರು, ಹಂಪಿಯಲ್ಲಿ ಅದು ಜನರ ಮೇಲೆ ಬಂದು ಬಿತ್ತು.

ಆದ್ದರಿಂದ ಸುಸ್ಥಿರ ಸಮುದಾಯಗಳ ಪರವಾಗಿ ದೇಶಗಳು ಮಾತಾಡುವಾಗ ಮೊದಲು ಕೇಳಬೇಕಾದ್ದು ಆ ಮೇಜಿನಲ್ಲಿ ಊರಿನವರಿಗೆ ಕುರ್ಚಿ ಇದೆಯೇ ಎಂದು. ಅರ್ಜಿ ಹಾಕುವುದು ದೇಶ, ಮತ ಹಾಕುವುದು ದೇಶ, ವರದಿ ಕೊಡುವುದೂ ದೇಶ. ಮಧ್ಯದಲ್ಲಿ ನೀರಗಂಟಿಯನ್ನು ಕೇಳುವವರು ಯಾರು? ಎರಡನೆಯದು ಹಣ. ಪಟ್ಟಿಗೆ ಸೇರಿದಾಗ ಬತ್ತೀರಿಗೆ ಒಳಚರಂಡಿಯೇ ಇರಲಿಲ್ಲ. ಮನೆಗಳ ಕೊಳಚೆ ಗುಂಡಿಗಳಿಂದ ಒರತೆಗೆ ಕಲ್ಮಶ ಸೇರುವ ಭಯ ಇತ್ತು, ಅಪಾಯದ ಪಟ್ಟಿಯಿಂದ ಹೊರಬರಬೇಕಾದರೆ ಅದನ್ನು ಸರಿಪಡಿಸಬೇಕೆಂದು ಸಮಿತಿಯೇ ಹೇಳಿತು. ರಾಯಭಾರಿಗಳಿಗೆ ಒಳಚರಂಡಿಯ ಬಗ್ಗೆ ಭಾಷಣ ಮಾಡುವುದು ಅಷ್ಟು ಶೋಭೆಯಲ್ಲದಿರಬಹುದು, ಒರತೆ ಉಳಿಯುವುದು ಮಾತ್ರ ಅದರಿಂದಲೇ. ಬೇಸಾಯದಿಂದ ಹೊಟ್ಟೆ ತುಂಬದೆ ಯುವಕರು ಕೂಲಿಗೆ ನಗರಕ್ಕೆ ಹೋಗುವುದು ಅಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಹಿಂದೆ ರೈಲು ಆ ಊರಿನ ಹೆಂಗಸರನ್ನು ಮಾರುಕಟ್ಟೆಗೆ ಕರೆದೊಯ್ಯುತ್ತಿತ್ತು. ಈಗ ಬತ್ತೀರಿನಲ್ಲಿ ರೈಲು ನಿಲ್ಲುವುದಿಲ್ಲ. ಬದನೆಕಾಯಿ ಮಾರಾಟವಾಗದಿದ್ದರೆ ಎಂಟು ದಿನದ ವಾರವನ್ನು ಯಾವ ಯುನೆಸ್ಕೊ ಕಾಪಾಡೀತು?

ಇಷ್ಟೆಲ್ಲ ಓದಿದ ಮೇಲೆ, ಪಿಯು ಕಾಲೇಜಿನ ನಾವು ಏನು ಮಾಡುವುದು ಎಂದು ನೀವು ಕೇಳಬಹುದು. ಬತ್ತೀರಿನವರು ಮೊದಲು ಮಾಡಿದ ಕೆಲಸವೇ ನಮಗೂ ಮಾಡಲು ಬರುವ ಕೆಲಸ: ಬರೆದಿಡುವುದು. ನಮ್ಮ ತರಗತಿಯಲ್ಲೇ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳಿಂದ ಬರುವವರಿದ್ದೇವೆ. ಒಬ್ಬೊಬ್ಬರೂ ತಮ್ಮ ಊರಿನ ಕೆರೆಯ ತೂಬು ಎಲ್ಲಿದೆ, ಕಾಲುವೆ ಎಲ್ಲಿ ಹರಿಯುತ್ತಿತ್ತು, ಕೊನೆಯ ನೀರಗಂಟಿ ಯಾರು, ಸರದಿ ಹೇಗಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಎರಡು ಪುಟ ಬರೆದು ನಕ್ಷೆ ಹಾಕಿದರೆ ರಾಷ್ಟ್ರೀಯ ಸೇವಾ ಯೋಜನೆಯ ಈ ವರ್ಷದ ಶಿಬಿರಕ್ಕೆ ಅದಕ್ಕಿಂತ ಒಳ್ಳೆಯ ಕೆಲಸ ಬೇಕಿಲ್ಲ. ಭೂಗೋಳದ ಉಪನ್ಯಾಸಕರು ನಕ್ಷೆ ಹಾಕುವುದನ್ನು ಹೇಳಿಕೊಡಲು ಒಪ್ಪಿದ್ದಾರೆ. ಕೇಳಲು ಉಳಿದಿರುವ ಹಿರಿಯರ ಸಂಖ್ಯೆ ವರ್ಷ ವರ್ಷ ಕಡಿಮೆಯಾಗುತ್ತಿದೆ, ಆದ್ದರಿಂದ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಶುರು ಮಾಡಬೇಕು.

ಇನ್ನೊಂದು, ಯುವ ಸಂಸತ್ತು. ಭಾರತವು ಬತ್ತೀರಿನ ವಿಷಯವನ್ನು ವಿಶ್ವ ಪರಂಪರೆ ಸಮಿತಿಯಲ್ಲಿ ಎತ್ತಬೇಕು ಎಂಬ ನಿರ್ಣಯವನ್ನು ನಮ್ಮ ಕಾಲೇಜಿನ ಯುವ ಸಂಸತ್ತಿನಲ್ಲಿ ಮಂಡಿಸಲು ನಾನು ಹೆಸರು ಕೊಟ್ಟಿದ್ದೇನೆ. ಅನುಮೋದಿಸಲು ವಿಜ್ಞಾನ ವಿಭಾಗದ ಇಬ್ಬರು ಮುಂದೆ ಬಂದಿದ್ದಾರೆ. ವಿರೋಧ ಪಕ್ಷದ ಬೆಂಚು ಮಾತ್ರ ಇನ್ನೂ ಖಾಲಿ ಇದೆ. ವಿಶ್ವಸಂಸ್ಥೆ ಬರೀ ಕಾಗದ ಎನ್ನುವವರು ದಯವಿಟ್ಟು ಶನಿವಾರದೊಳಗೆ ರಾಜ್ಯಶಾಸ್ತ್ರ ವಿಭಾಗದಲ್ಲಿ ಹೆಸರು ಬರೆಸಿ.